ಪೂರ್ವಕ್ಕೆ ಮುಖ ಮಾಡಿ ನಿಂತ ಬೈಕು

ಕಳೆದ ಶನಿವಾರ ಸಂಜೆ ಹೆಸರಘಟ್ಟ ರಸ್ತೆಯ ಪಕ್ಕದ ಒಂದು ಖಾಲಿ ಸೈಟಿನಲ್ಲಿ ನನ್ನ ಬೈಕು ಪೂರ್ವಕ್ಕೆ ಮುಖ ಮಾಡಿ ನಿಂತಿತ್ತು. ಹ್ಯಾಂಡಲ್ಲಿಗೆ ಪುಟ್ಟ ಬಾಳೆಕಂದು, ಹೆಡ್‌ಲೈಟಿಗೆ ಕುಂಕುಮ, ಮೇಲೆ ಮಾರುದ್ದದ ಸೇವಂತಿಗೆ ಹಾರ. ಸುತ್ತ ನಲವತ್ತು ಮಂದಿ ಹೆಂಗಸರು ಉಸಿರು ಬಿಗಿಹಿಡಿದು ನೋಡುತ್ತಿದ್ದರು. ದಾರಿಯಲ್ಲಿ ಹೋಗುತ್ತಿದ್ದ ವಯಸ್ಸಾದವರೊಬ್ಬರು ಚಪ್ಪಲಿ ಬಿಟ್ಟು ಕೈಮುಗಿದರು.

ಯಜಮಾನರೇ, ಅದು ದೇವರಲ್ಲ, ರೇಡಿಯೋ ಎಂದು ಹೇಳುವಷ್ಟು ಪುರುಸೊತ್ತು ನನಗಿರಲಿಲ್ಲ.

ಮೊದಲಿಂದ ಹೇಳುತ್ತೇನೆ.

ಈ ಅಂಕಣ ಓದುವವರಿಗೆ ನನ್ನ ಕಸುಬು ಗೊತ್ತೇ ಇದೆ. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್. ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವುದಕ್ಕೆ ಸಂಬಳ ಪಡೆಯುವವನು. (ಮನೆಯಲ್ಲೂ ಅದೇ ಕೆಲಸ ಮಾಡುತ್ತೀರಿ, ಇಲ್ಲಿ ಸಂಬಳ ಇಲ್ಲ ಅಷ್ಟೇ ಎಂದು ನನ್ನ ಹೆಂಡತಿ ಹೇಳುವುದುಂಟು.) ದಿನಾ ಬೆಳಿಗ್ಗೆ ಚಿಕ್ಕಬಾಣಾವರದಿಂದ ಪೀಣ್ಯಕ್ಕೆ ಬೈಕಿನಲ್ಲಿ ಹೋಗುತ್ತೇನೆ, ಸಂಜೆ ಅದೇ ದಾರಿಯಲ್ಲಿ ವಾಪಸ್ಸು. ಹಿಂದಿನ ಸೀಟಿನಲ್ಲಿ ಈರಪ್ಪ. ನಮ್ಮಲ್ಲೇ ಗ್ರೈಂಡಿಂಗ್ ಮಷಿನ್ ಆಪರೇಟರ್. ಬಾದಾಮಿ ಕಡೆಯವನು. ನಮ್ಮ ಹಿಂದಿನ ರಸ್ತೆಯಲ್ಲಿ ಗೌಡರೊಬ್ಬರು ರಾಗಿ ಹೊಲದಲ್ಲಿ ಸಾಲಾಗಿ ಕಟ್ಟಿಸಿದ ಹನ್ನೆರಡು ರೂಮುಗಳಲ್ಲಿ ಮೂರನೆಯದು ಅವನದು. ಮೂರು ವರ್ಷದಿಂದ ನನ್ನ ಹಿಂದೆ ಕೂತು ಬರುತ್ತಿದ್ದಾನೆ, ಮಾತು ಮಾತ್ರ ಕಡಿಮೆ.

ನನ್ನ ಭಾವಮೈದುನ ಈ ವರ್ಷ ನನಗೊಂದು ಉಪಗ್ರಹ ರೇಡಿಯೋ ಉಡುಗೊರೆ ಕೊಟ್ಟ, ಒಂದು ವರ್ಷದ ಚಂದಾ ಸಮೇತ. ಇನ್ನೂ ನೋಡದವರಿಗೆ ಎರಡು ಮಾತು. ಸಾಮಾನ್ಯ ರೇಡಿಯೋ ಊರಿನ ಟವರಿನಿಂದ ಹಾಡು ಹಿಡಿಯುತ್ತದೆ. ಇದು ನೇರವಾಗಿ ಆಕಾಶದಲ್ಲಿರುವ ಉಪಗ್ರಹದಿಂದ ಹಿಡಿಯುತ್ತದೆ. ಅದಕ್ಕೆ ಅಂಗೈ ಅಗಲದ ಒಂದು ಚಪ್ಪಟೆ ಆಂಟೆನಾ. ಉಪಗ್ರಹ ನಮ್ಮೂರಿಗೆ ಪೂರ್ವದ ಕಡೆ, ಸ್ವಲ್ಪ ದಕ್ಷಿಣಕ್ಕೆ ವಾಲಿಕೊಂಡು, ಅರ್ಧ ಆಕಾಶದ ಎತ್ತರದಲ್ಲಿ ಕೂತಿದೆಯಂತೆ. ಆಂಟೆನಾ ಆ ಕಡೆ ನೋಡುತ್ತಿದ್ದರೆ ಹಾಡು. ಇಲ್ಲದಿದ್ದರೆ ಗೊರಗೊರ ಶಬ್ದವೂ ಇಲ್ಲ, ಬರೀ ಮೌನ. ಹಳೇ ರೇಡಿಯೋ ಮುನಿಸಿಕೊಂಡರೂ ಗೊಣಗುತ್ತಿತ್ತು. ಇದು ಡಿಜಿಟಲ್, ಮುನಿಸಿಕೊಂಡರೆ ಪೂರ್ತಿ ಮಾತು ಬಂದ್.

ಮನೆಯಲ್ಲಿ ಕೇಳೋಣವೆಂದರೆ ಟಿವಿ ಬಿಡುವುದಿಲ್ಲ. ಕಾರ್ಖಾನೆಯಲ್ಲಿ ಮಷಿನ್ ಬಿಡುವುದಿಲ್ಲ. ದಿನದಲ್ಲಿ ನನ್ನದೇ ಅಂತ ಇರುವುದು ಬೈಕಿನ ಮೇಲೆ ಹೋಗುವಾಗಿನ ಮುಕ್ಕಾಲು ಗಂಟೆ, ಬರುವಾಗಿನ ಮುಕ್ಕಾಲು ಗಂಟೆ. ಹಾಗಾದರೆ ರೇಡಿಯೋ ಬೈಕಿಗೇ ಯಾಕೆ ಹೋಗಬಾರದು?

ಫೋರ್‌ಮನ್ನರ ಅಪ್ಪಣೆ ಪಡೆದು, ಒಂದು ವಾರ ಊಟದ ಬಿಡುವಿನಲ್ಲಿ ಕೂತು, ಹೆಡ್‌ಲೈಟಿನ ಮೇಲೆ ಆಂಟೆನಾ ಕೂರಿಸಲು ಬ್ರಾಕೆಟ್ ಮಾಡಿದೆ. ಸ್ಕ್ರ್ಯಾಪಿನಲ್ಲಿ ಬಿದ್ದಿದ್ದ ಸ್ಟೇನ್‌ಲೆಸ್ ಸ್ಟೀಲ್ ತುಂಡು. ಅದುರದಂತೆ ರಬ್ಬರ್ ಬುಷ್. ನಾಲ್ಕು ಅಲೆನ್ ಬೋಲ್ಟು, ಜನ್ಮದಲ್ಲಿ ಸಡಿಲವಾಗದಂತೆ ಅದಕ್ಕೆ ಅಂಟು. ಎರಡೂ ಮುಖಗಳನ್ನು ಈರಪ್ಪ ಗ್ರೈಂಡ್ ಮಾಡಿಕೊಟ್ಟ. ಹತ್ತು ಮೈಕ್ರಾನ್ ಒಳಗೆ ಸಮತಟ್ಟು, ಅಂದರೆ ತಲೆಕೂದಲಿಗಿಂತ ಎಷ್ಟೋ ಸಣ್ಣ ಲೆಕ್ಕ. ರೇಡಿಯೋ ಆಂಟೆನಾಕ್ಕೆ ಅಷ್ಟು ಬೇಕಿತ್ತಾ? ಬೇಕಿರಲಿಲ್ಲ. ಆದರೆ ಪೀಣ್ಯದಲ್ಲಿ ನಾವು ಹಾಗೆಯೇ. ಬಾಗಿಲಿಗೆ ಚಿಲಕ ಮಾಡಿದರೂ ಡ್ರಾಯಿಂಗ್ ಬಿಡಿಸಿ ಮಾಡುತ್ತೇವೆ.

ಕೋನವನ್ನು ಅಳೆದದ್ದು ನಮ್ಮ ಗೇಟಿನ ಮುಂದೆ. ಬೈಕನ್ನು ಕಾರ್ಖಾನೆಗೆ ಹೊರಡುವ ದಿಕ್ಕಿಗೇ ನಿಲ್ಲಿಸಿ, ಆಂಟೆನಾ ಹಿಡಿದು ಒಂದೊಂದೇ ಡಿಗ್ರಿ ತಿರುಗಿಸಿ, ಸಿಗ್ನಲ್ ಎಲ್ಲಿ ಭರ್ತಿಯಾಯಿತೋ ಅಲ್ಲಿಗೆ ಬಿಗಿದೆ. ಸೆಟ್ಟನ್ನು ಪೆಟ್ರೋಲ್ ಟ್ಯಾಂಕಿನ ಮೇಲೆ ಪಟ್ಟಿ ಹಾಕಿ ಕಟ್ಟಿದೆ. ಬ್ಯಾಟರಿಯಿಂದ ವೈರ್ ಎಳೆದು ಸ್ವಿಚ್ ಒತ್ತಿದೆ. ಗಂಟೆ ಹೊಡೆದ ಹಾಗೆ ಹಾಡು ಬಂತು.

"ಲೇ, ಇಲ್ಲಿ ಬಾರೇ, ಕೇಳು," ಎಂದು ಹೆಂಡತಿಯನ್ನು ಕರೆದೆ.

ಅವಳು ಬಂದಳು, ಕೇಳಿದಳು, ಮಳೆ ಬಂದರೆ ಏನು ಮಾಡುತ್ತೀರಿ ಎಂದಳು. ಅದನ್ನು ನಾನು ಯೋಚಿಸಿರಲಿಲ್ಲ. ಹಾಲಿನ ಪ್ಯಾಕೆಟ್ ತೊಳೆದು ಒಣಹಾಕಿದ್ದವಳು ಅದನ್ನೇ ಕತ್ತರಿಸಿ ಆಂಟೆನಾಕ್ಕೊಂದು ಅಂಗಿ ಹೊಲಿದುಕೊಟ್ಟಳು. ಹತ್ತು ಮೈಕ್ರಾನಿನ ಬ್ರಾಕೆಟ್ಟಿನ ಮೇಲೆ ಹಾಲಿನ ಕವರು. ಕಣ್ಣಿಗೆ ಚುಚ್ಚುತ್ತಿತ್ತು, ಆದರೂ ಬಾಯಿ ಮುಚ್ಚಿಕೊಂಡು ಹಾಕಿಕೊಂಡೆ.

ಮಾರನೇ ದಿನ ಬೆಳಿಗ್ಗೆ, ಅಬ್ಬಾ, ಆ ಸುಖ! ಬಾಗಲಗುಂಟೆ ಬಂತು, ಹಾಡು ಹೋಗಲಿಲ್ಲ. ಎಂಟನೇ ಮೈಲಿಯಲ್ಲಿ ತುಮಕೂರು ರಸ್ತೆಗೆ ಸೇರಿದೆವು, ಆಗಲೂ ಹೋಗಲಿಲ್ಲ. ಸಿಗ್ನಲ್ಲಿನಲ್ಲಿ ಪಕ್ಕದ ಆಟೋದವರು ವಾಲ್ಯೂಮ್ ಸ್ವಲ್ಪ ಜಾಸ್ತಿ ಮಾಡಿ ಸಾರ್ ಎಂದರು. ಹಸಿರು ದೀಪ ಬಂದರೂ ಯಾರೂ ಹಾರ್ನ್ ಹೊಡೆಯಲಿಲ್ಲ. (ಸರಿ, ಒಬ್ಬರು ಹೊಡೆದರು. ಕ್ಯಾಬ್‌ನವರು.) ಹಿಂದಿನಿಂದ ಈರಪ್ಪನ ಬೆರಳು ನನ್ನ ಬೆನ್ನಿನ ಮೇಲೆ ತಾಳ ಹಾಕುತ್ತಿತ್ತು. ಮೂರು ವರ್ಷದಲ್ಲಿ ಅವನು ನನ್ನ ಮೇಲೆ ತೋರಿಸಿದ ಮೊದಲ ಸಲಿಗೆ ಅದು.

ಸಂಜೆ ಹೊರಟೆವು. ಸ್ವಿಚ್ ಒತ್ತಿದೆ. ಮೌನ.

ವೈರ್ ನೋಡಿದೆ, ಫ್ಯೂಸ್ ನೋಡಿದೆ. ಮಾರನೇ ಬೆಳಿಗ್ಗೆ ಹಾಡು ಬಂತು. ಸಂಜೆ ಮತ್ತೆ ಮೌನ. ಮೂರನೇ ದಿನ ತಡೆಯಲಾರದೆ ಕಸ್ಟಮರ್ ಕೇರಿಗೆ ಫೋನ್ ಹಚ್ಚಿ, ನಿಮ್ಮ ಉಪಗ್ರಹ ಸಂಜೆ ಹೊತ್ತು ರಜೆ ಹಾಕುತ್ತದೇನಮ್ಮಾ ಎಂದು ದಬಾಯಿಸಿದೆ. ಆ ಹುಡುಗಿ ತಾಳ್ಮೆಯಿಂದ ಆಂಟೆನಾ ಯಾವ ಕಡೆಗಿದೆ ಎಂದು ಕೇಳಿದಳು. ಮುಂದಕ್ಕಿದೆ ಎಂದೆ. ಮುಂದೆ ಎಂದರೆ ಯಾವ ದಿಕ್ಕು ಎಂದಳು.

ಬೈಕು ಯಾವ ಕಡೆ ಹೋಗುತ್ತದೋ ಆ ದಿಕ್ಕು, ಎನ್ನಲು ಹೊರಟವನು ಥ್ಯಾಂಕ್ಸ್ ಹೇಳಿ ಫೋನ್ ಇಟ್ಟೆ.

ಬೆಳಿಗ್ಗೆ ಹೋಗುವಾಗ ನಮ್ಮ ದಾರಿಯೆಲ್ಲ ಹೆಚ್ಚುಕಡಿಮೆ ಆಗ್ನೇಯಕ್ಕೆ. ಸಂಜೆ ಬರುವಾಗ ವಾಯವ್ಯಕ್ಕೆ. ಬೆಳಿಗ್ಗೆ ನನ್ನ ಆಂಟೆನಾ ಉಪಗ್ರಹಕ್ಕೆ ಮುಖ ತೋರಿಸುತ್ತದೆ, ಸಂಜೆ ಬೆನ್ನು ತೋರಿಸುತ್ತದೆ. ಕೂದಲೆಳೆಯ ಲೆಕ್ಕದಲ್ಲಿ ಬ್ರಾಕೆಟ್ ಮಾಡಿದ ಮಹಾನುಭಾವನಿಗೆ ಬೈಕು ತಿರುಗುತ್ತದೆ ಎಂಬುದು ಹೊಳೆದಿರಲಿಲ್ಲ.

ಈರಪ್ಪನಿಗೆ ಹೇಳಿದೆ. ಅವನು ನೆಲ ನೋಡುತ್ತ, ಎರಡನೇ ದಿನವೇ ತನಗೆ ಗೊತ್ತಾಗಿತ್ತು ಎಂದ. ಮತ್ತೆ ಹೇಳಬೇಕಿತ್ತಲ್ಲ ಮಾರಾಯ ಎಂದರೆ, "ನೀವು ಇನ್‌ಸ್ಪೆಕ್ಟರ್ ಅದೀರಲ್ರಿ ಸರ," ಎಂದ.

ಬಿಚ್ಚಿ ತಿರುಗುವ ಹಾಗೆ ಮಾಡಬಹುದಿತ್ತು. ಮಾಡಲಿಲ್ಲ. ಬೋಲ್ಟಿಗೆ ಅಂಟು ಹಾಕಿಯಾಗಿತ್ತು, ಮೇಲಾಗಿ ಸಡಿಲವಾಗಿ ತಿರುಗುವುದನ್ನು ಬ್ರಾಕೆಟ್ ಎಂದು ಕರೆಯಲು ನನ್ನ ಮನಸ್ಸು ಒಪ್ಪಲಿಲ್ಲ. ಹೋಗಲಿ, ಬೆಳಿಗ್ಗೆ ಹಾಡು, ಸಂಜೆ ಮೌನ. ಇಬ್ಬರಿಗೂ ಅಭ್ಯಾಸವಾಯಿತು. ಸಂಜೆಯ ಮೌನದಲ್ಲಿ ಈರಪ್ಪ ನಾಲ್ಕು ಮಾತಾಡತೊಡಗಿದ್ದು ಮಾತ್ರ ನಾನು ನಿರೀಕ್ಷಿಸದ ಲಾಭ.

ದಸರೆಗೆ ಮೂರು ವಾರ ಇರುವಾಗ, ಅಂಥದ್ದೇ ಒಂದು ಸಂಜೆ, ಜಾಲಹಳ್ಳಿ ಕ್ರಾಸಿನ ಸಿಗ್ನಲ್ಲಿನಲ್ಲಿ ಹಿಂದಿನಿಂದ ದನಿ ಬಂತು.

"ಆಕಿ ದಸರಾಕ್ಕ ಊರಿಗೆ ಹೊಂಟಾಳ್ರಿ ಸರ. ತಿರುಗಿ ಬರಾಂಗಿಲ್ಲಂತ."

ಆಕಿ ಎಂದರೆ ಹೆಂಡತಿ. ಹೆಸರಘಟ್ಟ ರಸ್ತೆಯ ಒಂದು ಗಾರ್ಮೆಂಟ್ಸಿನಲ್ಲಿ ಶರ್ಟಿನ ಕಾಲರ್ ಹೊಲಿಯುವ ಕೆಲಸ ಅವಳಿಗೆ. ಜಗಳವೇನಾದರೂ ಆಯಿತೇ ಎಂದು ಕೇಳಿದೆ. ಇಲ್ಲವಂತೆ. ಹೊಡೆತ ಬಡಿತ, ಕುಡಿತ ಏನಾದರೂ? ಅವನು ಬೇಜಾರಾಗಿ ಛೇ ಎಂದ. ಮತ್ತೇನು ಎಂದು ಗದರಿದ ಮೇಲೆ, ಎಂಟನೇ ಮೈಲಿ ದಾಟುವವರೆಗೂ ತಡೆತಡೆದು ಹೇಳಿದ. ಈ ಊರಿಗೆ ಬಂದು ನಾಲ್ಕು ವರ್ಷವಾಯಿತು, ಒಬ್ಬರೂ ಅವಳನ್ನು ಹೆಸರು ಹಿಡಿದು ಕರೆದಿಲ್ಲವಂತೆ. ಫ್ಯಾಕ್ಟರಿಯಲ್ಲಿ ಸೂಪರ್‌ವೈಸರಿನಿಂದ ಹಿಡಿದು ಪಕ್ಕದ ಮಷಿನ್ನಿನವಳವರೆಗೆ ಎಲ್ಲರಿಗೂ ಅವಳು 'ಕಾಲರ್'. ಓನರ್ ಮನೆಯವರಿಗೆ 'ಮೂರನೇ ರೂಮು'. ಹಾಲಿನವರಿಗೆ 'ಅರ್ಧ ಲೀಟರ್'.

"ಊರಾಗ ನಮ್ಮ ಎಮ್ಮಿಗೂ ಹೆಸರೈತಿ, ಇಲ್ಲಿ ನನಗಿಲ್ಲ ಅಂತಾಳ್ರಿ."

ನೀನು ಏನಂತ ಕರೆಯುತ್ತೀಯ ಎಂದು ಕೇಳಿದೆ. "ಏ, ಅಂತೀನ್ರಿ," ಎಂದ. ಅವರ ಕಡೆ ಗಂಡ ಹೆಂಡತಿ ಒಬ್ಬರ ಹೆಸರನ್ನು ಒಬ್ಬರು ಹೇಳುವ ರೂಢಿ ಇಲ್ಲವಂತೆ, ನಾಲಿಗೆಯೇ ಏಳುವುದಿಲ್ಲವಂತೆ.

ನಗು ಬಂತು. ಯಾಕೋ ಪೂರ್ತಿ ನಗಲಾಗಲಿಲ್ಲ.

ಮನೆ ಹತ್ತಿರ ಇಳಿದವನು ಹೋಗದೆ ಆಂಟೆನಾ ನೋಡುತ್ತ ನಿಂತ. ಬೆಳಗಿನ ಕಾರ್ಯಕ್ರಮದಲ್ಲಿ, ಶನಿವಾರ ಸಂಜೆ ಕೇಳುಗರ ಪತ್ರ ಓದಿ ಹಾಡು ಹಾಕುತ್ತೇವೆ ಎಂದು ಹೇಳುತ್ತಾರಲ್ಲ, ಅದರಲ್ಲಿ ಅವಳ ಹೆಸರು ಹೇಳಿಸಬಹುದೇ ಎಂದು ಕೇಳಿದ. ಚಂದಾದಾರರು ಬರೆದರೆ ಮಾತ್ರ ಓದುತ್ತಾರೆ. ಚಂದಾದಾರ ನಾನು. ಹಾಗಾಗಿ ಪತ್ರ ಬರೆಯಲು ನಾನೇ ಕೂತೆ. ಪೆನ್ನು ಹಿಡಿದ ಮೇಲೆ ತಿಳಿಯಿತು, ಮೂರು ವರ್ಷದಿಂದ ಬೆನ್ನಿಗಂಟಿ ಕೂರುವವನ ಹೆಂಡತಿಯ ಹೆಸರು ನನಗೂ ಗೊತ್ತಿಲ್ಲ. ನಾನೂ 'ನಿಮ್ಮನೆಯವರು ಚೆನ್ನಾಗಿದ್ದಾರಾ' ಗಿರಾಕಿಯೇ. ಕೇಳಿದೆ. ಅವನು ನಾಚಿಕೊಂಡು, ಪೆನ್ನು ಇಸಿದುಕೊಂಡು, ಹೇಳುವ ಬದಲು ಬರೆದು ತೋರಿಸಿದ. ನಿಂಗವ್ವ.

ನಾನು ಎರಡು ಪುಟ ಗೀಚಿದ್ದೆ. ವಲಸೆ, ಮಹಾನಗರ, ಅನಾಮಿಕತೆ, ಅಂಕಣಕಾರರಿಗೆ ಬರುವ ಕಾಯಿಲೆಗಳೆಲ್ಲ ಇದ್ದವು. ಈರಪ್ಪ ಓದಿ ಮಡಿಸಿ ಕೊಟ್ಟ. ಇದೆಲ್ಲ ಬೇಡ, ಹೆಸರೊಂದು ಸಾಕು, ಆದರೆ ಅದನ್ನು ಮೂರು ಸಲ ಹೇಳಲು ಬರೆಯಿರಿ ಎಂದ. ಮೂರು ಸಲ ಯಾಕೋ, ಹರಾಜು ಹಾಕುತ್ತಿದ್ದೀವಾ ಎಂದೆ.

"ನೀವ ಹೇಳ್ತೀರಲ್ರಿ ಸರ, ಒಂದ ರೀಡಿಂಗ್ ನಂಬಬ್ಯಾಡ, ಮೂರು ತಗೋ ಅಂತ."

ಹೌದು, ದಿನಾ ಹೇಳುತ್ತೇನೆ. ಅಳತೆ ಒಂದೇ ಸಲ ತೆಗೆದವರ ಕೆಲಸವನ್ನು ನಾನು ಪಾಸ್ ಮಾಡುವುದಿಲ್ಲ. ಬರೆದೆ.

ಪತ್ರ ಹೋಯಿತು. ಒಂದು ವಾರವಾದರೂ ಸುದ್ದಿಯಿಲ್ಲ, ಎರಡು ವಾರವಾದರೂ ಇಲ್ಲ. ಅಷ್ಟರಲ್ಲಿ ನಿಂಗವ್ವ ಎರಡು ಚೀಲ ತುಂಬಿಟ್ಟಿದ್ದಳು. ಎರಡನೆಯದರಲ್ಲಿ ರೊಟ್ಟಿ ಹಂಚು ಇಟ್ಟಿದ್ದಾಳೆ ಎಂದು ಈರಪ್ಪ ಹೇಳಿದ. ಬಟ್ಟೆ ತೆಗೆದುಕೊಂಡು ಹೋದವರು ಹಬ್ಬ ಮುಗಿಸಿ ಬರುತ್ತಾರೆ. ಹಂಚು ತೆಗೆದುಕೊಂಡು ಹೋದವರು ಬರುತ್ತಾರೆಯೇ? ಭಾನುವಾರ ಬೆಳಗಿನ ಬಸ್ಸು. ಗುರುವಾರ ರೇಡಿಯೋದವರ ಫೋನ್ ಬಂತು. ಶನಿವಾರ ಸಂಜೆ ಐದೂವರೆಯಿಂದ ಆರರೊಳಗೆ ನಿಮ್ಮ ಪತ್ರ ಓದುತ್ತೇವೆ.

ಶನಿವಾರ! ರಜೆಗೆ ಮುಂಚಿನ ಕೊನೇ ಕೆಲಸದ ದಿನ, ಪೀಣ್ಯಕ್ಕೆ ಪೀಣ್ಯವೇ ಆಯುಧಪೂಜೆ ಮಾಡುವ ದಿನ. ಲೇತಿನಿಂದ ಹಿಡಿದು ಕಸ ಗುಡಿಸುವ ಪೊರಕೆಯವರೆಗೆ ಎಲ್ಲಕ್ಕೂ ಕುಂಕುಮ. ನನ್ನ ಬೈಕಿಗೆ ಹಾರ, ಬಾಳೆಕಂದು, ಚಕ್ರದ ಕೆಳಗೆ ನಿಂಬೆಹಣ್ಣು. ಪೂಜೆ ಮುಗಿದ ಮೇಲೆ ಯಜಮಾನರ ಭಾಷಣ, ಆಮೇಲೆ ಗ್ರೂಪ್ ಫೋಟೋ, ಆಮೇಲೆ ಬೂಂದಿ ಪೊಟ್ಟಣಕ್ಕೆ ಕ್ಯೂ. ಈರಪ್ಪ ಗಡಿಯಾರ ನೋಡುತ್ತಲೇ ಇದ್ದ. ಗೇಟು ದಾಟಿದಾಗ ಐದೂ ಹತ್ತು.

ನಿಂಗವ್ವನಿಗೆ ಐದೂವರೆಗೆ ಶಿಫ್ಟು ಬಿಡುತ್ತದೆ. ಗಾರ್ಮೆಂಟ್ಸ್ ಗೇಟಿನಲ್ಲಿ ನಿಂತಿರು ಎಂದು ಮಾತ್ರ ಈರಪ್ಪ ಅವಳಿಗೆ ಹೇಳಿದ್ದ, ಯಾಕೆಂದು ಹೇಳಿರಲಿಲ್ಲ. ಅಲ್ಲಿಗೆ ಹೋಗಿ ಬೈಕು ತಿರುಗಿಸಿ ನಿಲ್ಲಿಸುವುದು ನಮ್ಮ ಯೋಜನೆ. ಆದರೆ ಎಲ್ಲ ಕಾರ್ಖಾನೆಗಳೂ ಒಟ್ಟಿಗೆ ಬಿಟ್ಟಿದ್ದವು. ತುಮಕೂರು ರಸ್ತೆಯ ತುಂಬ ಹಾರ ಹಾಕಿಕೊಂಡ ಲಾರಿಗಳು, ಬಾಳೆಕಂದು ಕಟ್ಟಿದ ಬಸ್ಸುಗಳು, ಒಡೆದ ಬೂದುಗುಂಬಳ. ಐದೂ ನಲವತ್ತಾದರೂ ನಾವು ಎಂಟನೇ ಮೈಲಿಯಲ್ಲೇ ಇದ್ದೆವು. ವಾಯವ್ಯಕ್ಕೆ ಮುಖ ಮಾಡಿದ್ದ ಬೈಕಿನ ಮೇಲೆ ರೇಡಿಯೋ ತೆಪ್ಪಗೆ ಕೂತಿತ್ತು. ಅದೇ ಹೊತ್ತಿಗೆ ಆಕಾಶದಲ್ಲಿ ಯಾರದೋ ಪತ್ರ ಓದುತ್ತಿರುತ್ತಾರೆ, ನಮ್ಮದೇ ಇರಬಹುದು, ನಮಗೆ ಗೊತ್ತಾಗುವುದಿಲ್ಲ. ಆ ಅಂಟು ಹಾಕಿದ ನಾಲ್ಕು ಬೋಲ್ಟುಗಳನ್ನು ನಾನು ಬೈದಷ್ಟು ಯಾವ ಆಪರೇಟರನ್ನೂ ಬೈದಿಲ್ಲ.

ಗೇಟು ತಲುಪಿದಾಗ ಆರಕ್ಕೆ ಎಂಟು ನಿಮಿಷ. ನಿಂಗವ್ವ ಗೆಳತಿಯರ ಗುಂಪಿನಲ್ಲಿ ನಿಂತಿದ್ದಳು. ಅವರಲ್ಲೂ ಪೂಜೆ ಮುಗಿದು ಎಲ್ಲರ ತಲೆಯಲ್ಲಿ ಹೂವು, ಕೈಯಲ್ಲಿ ಸಿಹಿ ಡಬ್ಬ. ಬೈಕು ತಿರುಗಿಸಿದೆ. ಗಾರ್ಮೆಂಟ್ಸಿನ ನಾಲ್ಕು ಮಹಡಿ ಪೂರ್ವವನ್ನು ಪೂರ್ತಿ ಮುಚ್ಚಿತ್ತು. ಎದುರಿನ ಖಾಲಿ ಸೈಟಿಗೆ ನೂಕಿದೆವು. ಏನಾಯಿತೆಂದು ಹೆಂಗಸರೆಲ್ಲ ಹಿಂದೆಯೇ ಬಂದರು. ಸೆಂಟರ್ ಸ್ಟ್ಯಾಂಡ್ ಹಾಕಿ, ಪೂರ್ವಕ್ಕೆ ತಿರುಗಿಸಿ, ಸ್ವಲ್ಪ ದಕ್ಷಿಣಕ್ಕೆ ವಾಲಿಸಿ, ಸ್ವಿಚ್ ಒತ್ತಿದೆ.

ಮೌನ.

ಒಂದಿಷ್ಟು ಎಡಕ್ಕೆ. ಮೌನ. ಬಲಕ್ಕೆ. ಆಗಲೂ ಮೌನ. ಈರಪ್ಪ ನನ್ನ ಮುಖವನ್ನೇ ನೋಡುತ್ತಿದ್ದ. ಅವನು ಬೈದಿದ್ದರೆ ಚೆನ್ನಾಗಿತ್ತು.

ಆಗ ನಿಂಗವ್ವ ಮುಂದೆ ಬಂದಳು. ಬೈಕನ್ನು ಒಂದು ಕ್ಷಣ ನೋಡಿದಳು.

"ಅದರ ಮಾರಿ ಮ್ಯಾಲ ಮಾಲಿ ಐತಲ್ರಿ," ಎಂದು ಆಂಟೆನಾದ ಮೇಲೆ ಮೂರು ಸುತ್ತು ಬಿದ್ದಿದ್ದ ಒದ್ದೆ ಸೇವಂತಿಗೆ ಹಾರವನ್ನು ಎತ್ತಿ ತನ್ನ ತೋಳಿಗೆ ಹಾಕಿಕೊಂಡಳು.

ನಡುಮಾತಿನಿಂದಲೇ ದನಿ ಹೊರಗೆ ಬಂತು, ನಗುತ್ತಿದ್ದ ಹೆಂಗಸಿನ ದನಿ. "...ಮೂರು ಸಲ ಹೇಳಿ ಅಂತ ಬರೆದಿದ್ದಾರೆ ನೋಡಿ, ಎರಡು ಸಲ ಹೇಳಿದ್ದಾಯ್ತು, ಇದು ಮೂರನೇದು. ಚಿಕ್ಕಬಾಣಾವರದ ನಿಂಗವ್ವ ಅವರೇ, ಈ ಹಾಡು ನಿಮಗೆ. ಕಳಿಸಿದವರು ನಿಮ್ಮ ಯಜಮಾನರು, ಈರಪ್ಪ."

ಹಾಡು ಶುರುವಾಯಿತು. ಯಾವ ಹಾಡು ಎಂದು ಕೇಳಬೇಡಿ, ಯಾರಿಗೂ ನೆನಪಿಲ್ಲ. ನಿಂಗವ್ವ ಹಾರ ಹಿಡಿದುಕೊಂಡು ನಿಂತಲ್ಲೇ ನಿಂತಿದ್ದಳು, ನೋಟ ಆಕಾಶದ ಕಡೆಗಿತ್ತು. ಪಕ್ಕದಲ್ಲಿದ್ದವಳು ಅವಳ ಭುಜ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು.

"ನಿಂಗವ್ವ ಅಂದ್ರೆ ನೀನೇನೇ? ಎರಡು ವರ್ಷದಿಂದ ಪಕ್ಕದ ಮಷಿನ್ನಲ್ಲೇ ಕೂತಿದೀನಿ, ಕಾಲರ್ ಕಾಲರ್ ಅಂತಾನೇ ಕರೀತಿದ್ನಲ್ಲೇ. ನನ್ನ ಹೆಸರು ಗೊತ್ತಾ ನಿನಗೆ?"

ನಿಂಗವ್ವ ತಲೆಯಾಡಿಸಿದಳು. ಗೊತ್ತಿಲ್ಲ. ಅವಳಿಗೂ ಇವಳು 'ಕಫ್' ಮಾತ್ರ, ತೋಳಿನ ಪಟ್ಟಿ ಹೊಲಿಯುವವಳು. ಇಬ್ಬರೂ ನಗತೊಡಗಿದರು. ಆಮೇಲೆ ಆ ಸೈಟಿನಲ್ಲಿ ಒಂದು ವಿಚಿತ್ರ ನಡೆಯಿತು. ಕಫ್, ಬಟನ್, ಪಾಕೆಟ್, ಇಸ್ತ್ರಿ ಎಲ್ಲರೂ ಒಬ್ಬರಿಗೊಬ್ಬರು ತಮ್ಮ ಹೆಸರು ಹೇಳಿಕೊಳ್ಳತೊಡಗಿದರು. ಎಷ್ಟೋ ವರ್ಷ ಒಂದೇ ಲೈನಿನಲ್ಲಿ ಕೂತವರು.

ಅಷ್ಟಕ್ಕೇ ಬಿಡುವವರೇ? ಗುಂಪಿನಲ್ಲಿ ಬಾಗಲಕೋಟೆ, ಗದಗದ ಕಡೆಯವರೂ ಇದ್ದರು. ಗಂಡ ಹೆಸರು ಹೇಳಿಸಿದ್ದಾನೆ, ಈಗ ನೀನು ಒಡಪು ಹೇಳಲೇಬೇಕು ಎಂದು ಹಿಡಿದುಕೊಂಡರು. ಅವರ ಕಡೆಯ ಮದುವೆಗಳಲ್ಲಿ ಹೊಸ ಹೆಣ್ಣನ್ನು ಹೊಸ್ತಿಲಲ್ಲಿ ತಡೆದು ನಿಲ್ಲಿಸುತ್ತಾರೆ. ಗಂಡನ ಹೆಸರನ್ನು ಎರಡು ಸಾಲಿನ ಪ್ರಾಸದಲ್ಲಿ ಸೇರಿಸಿ ಹೇಳಿದರೆ ಮಾತ್ರ ಒಳಗೆ ಬಿಡುತ್ತಾರೆ. ಅದು ಒಡಪು. ರೂಢಿ ತಡೆದ ಹೆಸರನ್ನು ಹೇಳಲು ರೂಢಿಯೇ ಬಿಟ್ಟಿರುವ ಕಿಂಡಿ. ನಿಂಗವ್ವ ಒಲ್ಲೆ ಒಲ್ಲೆ ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಈರಪ್ಪ ಬೈಕಿನ ಹಿಂದೆ ಅಡಗಲು ನೋಡಿದ. ಅವಳು ಒಮ್ಮೆ ಮೇಲೆ ನೋಡಿದಳು, ಒಮ್ಮೆ ನನ್ನ ಬೈಕು ನೋಡಿದಳು, ಸೆರಗು ತೆಗೆದು ಗಟ್ಟಿಯಾಗಿ ಹೇಳಿದಳು.

"ಮುಗಿಲಾಗ ನಿಂತೈತಿ ಉಪಗ್ರಹ, ಬಯಲಾಗ ನಿಂತೈತಿ ಬೈಕು,
ಈರಪ್ಪನ ಹೆಸರ ಹೇಳಾಕ ನನಗ್ಯಾಕ ಬೇಕು ಮೈಕು?"

ನಲವತ್ತು ಮಂದಿ ಒಟ್ಟಿಗೆ ಚಪ್ಪಾಳೆ ಹೊಡೆದ ಸದ್ದಿಗೆ ರಸ್ತೆಯ ಆ ಬದಿಯ ಟೀ ಅಂಗಡಿಯವರೂ ಹೊರಗೆ ಬಂದು ನಿಂತರು. ಎರಡು ಸಾಲನ್ನು ನಿಂತಲ್ಲೇ ಕಟ್ಟಿದ್ದಳು! ಎರಡು ಪುಟ ಗೀಚಿದ್ದ ನಾನು ತೆಪ್ಪಗೆ ವೈರ್ ಸುತ್ತಿಕೊಂಡೆ.

ಭಾನುವಾರ ಬೆಳಿಗ್ಗೆ ಅವಳು ಊರಿಗೆ ಹೋದಳು. ಬಸ್ಸು ಹತ್ತಿಸಿ ಬಂದ ಈರಪ್ಪ ರೂಮಿಗೂ ಹೋಗದೆ ನೇರ ನಮ್ಮ ಗೇಟಿಗೆ ಬಂದ. ಒಂದೇ ಚೀಲ ಒಯ್ದಳಂತೆ. "ಹಂಚು ಒಲಿ ಮ್ಯಾಲ ಇಟ್ಟ ಹೋಗ್ಯಾಳ್ರಿ ಸರ," ಎಂದು ಎರಡು ಸಲ ಹೇಳಿದ. ಮೂರನೇ ಸಲವೂ ಹೇಳುತ್ತಾನೇನೋ ಎಂದು ಕಾದೆ. ಹೇಳಿದ.

ಅವನು ಹೋದ ಮೇಲೆ ಸ್ವಲ್ಪ ಹೊತ್ತು ಬೈಕಿನ ಹತ್ತಿರವೇ ನಿಂತಿದ್ದೆ. ಅಲೆನ್ ಕೀ ತಂದು, ಅಂಟು ಕಾಯಿಸಿ, ನಾಲ್ಕೂ ಬೋಲ್ಟು ಬಿಚ್ಚಿದೆ. ಇನ್ನು ಮುಂದೆ ತಿರುಗುವ ಬ್ರಾಕೆಟ್ಟೇ ಇರಲಿ, ನನ್ನ ಇನ್‌ಸ್ಪೆಕ್ಷನ್ನಿನಲ್ಲಿ ಫೇಲಾದರೂ ಪರವಾಗಿಲ್ಲ. ಕೈ ಒರೆಸಿಕೊಂಡು ಒಳಗೆ ಬಂದೆ. ಅಡುಗೆಮನೆಯಲ್ಲಿ ಕುಕ್ಕರ್ ಸದ್ದು ಮಾಡುತ್ತಿತ್ತು. ಮದುವೆಯಾಗಿ ಹತ್ತೊಂಬತ್ತು ವರ್ಷ. ಗಂಟಲು ಸರಿಮಾಡಿಕೊಂಡು ಕರೆದೆ.

"ಸುಮಾ."

ಸೌಟು ಹಿಡಿದುಕೊಂಡೇ ಓಡಿ ಬಂದಳು. ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು.

"ಏನ್ರೀ, ಗಾಡಿಯಿಂದ ಬಿದ್ರಾ?"